ಭಾನುಮತಿಯವರ ಸ್ಕೂಟರ್ ತಪಾಸಣೆ

ಗಾರ್ಡಾ ಡೆಕ್ಲನ್ ಅವರನ್ನು (ಐರ್ಲೆಂಡಿನಲ್ಲಿ ಪೊಲೀಸರಿಗೆ ಗಾರ್ಡಾ ಎನ್ನುತ್ತಾರೆ) ಭಾನುಮತಿಯವರು ಮೊದಲು ಕಂಡದ್ದು, ಅವರು ಕಿಲ್ಕೆನ್ನಿಯ ಮನೆಯೆದುರು ಮಂಡಿಯೂರಿ ಅಳಿಯ ಮಯೂರನ, ನಿಂತು ಓಡಿಸುವ ಎಲೆಕ್ಟ್ರಿಕ್ ಸ್ಕೂಟರಿನ ಚಕ್ರ ಅಳೆಯುತ್ತಿದ್ದಾಗ. ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎರಡೆರಡು ಸಲ ಅಳೆದರು. ಮೈಸೂರಿನಲ್ಲಿ ನಲವತ್ತು ವರ್ಷ ರವಿಕೆ ಹೊಲಿದಿದ್ದ ಭಾನುಮತಿಯವರಿಗೆ ಆ ಹೆಬ್ಬೆರಳು ನೋಡಿಯೇ ಮನಸ್ಸು ತುಂಬಿ ಬಂತು.

ಅವರಿಗೆ ಭಯವೇನೂ ಇರಲಿಲ್ಲ. ಸರ್ಕಾರದ ನಿಯಮದ ಹಾಳೆಯನ್ನು ಹೋದ ವಾರವೇ ಪರಾಮರ್ಶಿಸಿದ್ದರು. (ಚಿತ್ರ ಮತ್ತು ಅಂಕಿಗಳನ್ನು ಮಾತ್ರ. ಕೆಳಗಿನ ನಾಲ್ಕು ಸಾಲು ಬರೀ ಇಂಗ್ಲಿಷ್ ಅಕ್ಷರವಾದ್ದರಿಂದ ಅಲಂಕಾರವೆಂದು ಬಿಟ್ಟಿದ್ದರು. ಓದು ಬಲ್ಲ ಅಳಿಯನೋ, "ಅತ್ತೆ ನೋಡಿದ್ರೆ ಸಾಕು" ಎಂದು ಮಲಗಿದ್ದ.) ತೂಕ ಇಪ್ಪತ್ತೈದು ಕಿಲೋ, ವೇಗ ಇಪ್ಪತ್ತು, ಮೋಟಾರು ನಾನೂರು ವ್ಯಾಟ್ ಮೀರಕೂಡದು, ಚಕ್ರ ಇನ್ನೂರು ಮಿಲಿಮೀಟರಿಗೆ ಕಡಿಮೆಯಾಗಕೂಡದು. ಇಷ್ಟು ನಿಖರವಾದ ಸರ್ಕಾರವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

"ಇನ್ನೂರ ಹದಿನಾರು. ಗ್ರ್ಯಾಂಡ್," ಎಂದರು ಡೆಕ್ಲನ್ (ಸರಿಯಿದೆ ಎನ್ನಲು ಅಲ್ಲಿಯವರ ಮಾತು ಅದು). ಬ್ರೇಕ್ ಗ್ರ್ಯಾಂಡ್, ದೀಪ ಗ್ರ್ಯಾಂಡ್, ಗಂಟೆಯೂ ಗ್ರ್ಯಾಂಡ್. ಆಮೇಲೆ ಸೀಟು ತೋರಿಸಿ ಏನೋ ಹೇಳಿದರು. ಮಯೂರನ ಮುಖ ಬಾಡಿತು.

"ಅತ್ತೆ, ಸೀಟು ಇರಬಾರದಂತೆ. ಇದ್ರೆ ಗಾಡಿ ಎತ್ಕೊಂಡು ಹೋಗ್ಬಹುದಂತೆ."

"ನಿಮ್ಮ ಸೊಂಟ ನೋವು ಹೇಳಿದ್ರಾ?"

"ಸೊಂಟದ ಮಾತು ಕಾನೂನಲ್ಲಿಲ್ಲ ಅತ್ತೆ. ಗಾಡಿ ಹೋದ್ರೆ ನಾಳೆಯಿಂದ ಆಸ್ಪತ್ರೆ ಡ್ಯೂಟಿಗೆ ಒಂದು ಗಂಟೆ ನಡೀಬೇಕು ನಾನು."

ಆ ಸೀಟು ಭಾನುಮತಿಯವರ ಸ್ವಂತ ಕೃತಿ. ಅಳಿಯ ಆಸ್ಪತ್ರೆಯ ತನಕ ನಿಂತೇ ಹೋಗಬೇಕಲ್ಲ ಎಂದು ಮರುಗಿ, ಹಳೆಯ ಸೈಕಲ್ಲಿನ ಕಂಬ ಕೂರಿಸಲು ಹೇಳಿ, ಮೇಲೆ ಹತ್ತಿ ತುಂಬಿದ ಮೆತ್ತೆ ಹೊಲಿದಿದ್ದರು.

"ಎಲ್ಲಿ ಬರೆದಿದೆ ತೋರಿಸ್ಲಿ," ಎಂದರು.

ಡೆಕ್ಲನ್ ಬೇಸರಿಸದೆ ಹಾಳೆ ತೆಗೆದು ಬೆರಳಿಟ್ಟರು. ಅಲಂಕಾರದ ಎರಡನೆಯ ಸಾಲು.

ಭಾನುಮತಿಯವರು ವಾದಿಸಲಿಲ್ಲ. ತಪ್ಪು ಹೊಲಿಗೆಯನ್ನು ಬಿಚ್ಚುವುದೇ ಸರಿ. ಸ್ಪ್ಯಾನರ್ ತರಿಸಿ, ಗಾರ್ಡಾ ಸಮಕ್ಷಮದಲ್ಲೇ ಕಂಬ ಕಳಚಿಸಿದರು.

"ಈ ಸಲ ಬಿಟ್ಟಿದ್ದಾರೆ ಅತ್ತೆ," ಎಂದು ಮಯೂರ್ ಉಸಿರು ಬಿಟ್ಟ.

ಹೊರಡಬೇಕಿದ್ದ ಡೆಕ್ಲನ್ ಮೆತ್ತೆಯನ್ನು ಒತ್ತಿ ನೋಡಿದರು, ಇನ್ನೊಮ್ಮೆ ಒತ್ತಿದರು. ತಮ್ಮ ಸೈಕಲ್ಲಿನ ಸೀಟು ಕಲ್ಲಿನಂತಿದೆ, ಅದಕ್ಕೂ ಇಂಥದ್ದೊಂದು ಸಿಕ್ಕೀತೇ ಎಂದು ಮಯೂರನ ಮೂಲಕ ಕೇಳಿದರು.

ಭಾನುಮತಿಯವರಿಗೆ ಹಿಗ್ಗೋ ಹಿಗ್ಗು. ನಲವತ್ತು ವರ್ಷದ ಅಭ್ಯಾಸಬಲದಿಂದ, "ಅದಕ್ಕೇನಂತೆ, ಅವರದೊಂದು ಅಳತೆ ಕೊಡೋಕೆ ಹೇಳಿ," ಎಂದುಬಿಟ್ಟರು.

ಮಯೂರ್ ಅದನ್ನು ಚಾಚೂ ತಪ್ಪದೆ ಇಂಗ್ಲಿಷಿಗೆ ತಿರುಗಿಸಿದ.

ಡೆಕ್ಲನ್ ಟೋಪಿ ತೆಗೆದು, ಬಹಳ ವಿನಯದಿಂದ ಕೇಳಿದರು: "ತಿರುಗಿ ನಿಲ್ಲಬೇಕೇ, ಮೇಡಂ?"