ಹದಿನಾಲ್ಕನೇ ಶೆಡ್ಡಿನ ಜಾಲತಾಣ

ಜಿಗಣಿ ಏಳನೇ ಅಡ್ಡರಸ್ತೆಯ ಸಣ್ಣ ಕಾರ್ಖಾನೆದಾರರ ಸಂಘದಲ್ಲಿ ಮೂವತ್ತೊಂದು ಮಂದಿ ಸದಸ್ಯರಿದ್ದು, ಅವರ ಪೈಕಿ ಜಾಲತಾಣ ಬೇಕಾಗಿದ್ದದ್ದು ಒಬ್ಬರಿಗೆ. ಆದಕಾರಣ ಒಂಬತ್ತು ಜನರ ಸಮಿತಿಯೊಂದನ್ನು ರಚಿಸಲಾಯಿತು. ಗೌರವ ಕಾರ್ಯದರ್ಶಿಯಾಗಿ ಆ ಸಮಿತಿಯ ನಡಾವಳಿಯನ್ನು ಮೊದಲಿನಿಂದ ಕಡೆಯವರೆಗೆ ಬರೆದವನು ನಾನು, ಕರಿಬಸಪ್ಪ. ಕೆಳಗಿನ ಪ್ರತಿಯೊಂದು ಸಂಗತಿಗೂ ನನ್ನ ಸಹಿ ಇದೆ.

ಜಾಲತಾಣ ಬೇಕಾಗಿದ್ದವರು ಹದಿನಾಲ್ಕನೇ ಶೆಡ್ಡಿನ ಪದ್ಮಾವತಿಯವರು. ಅವರದು ಸ್ಪ್ರಿಂಗ್ ಮಾಡುವ ಕಾರ್ಖಾನೆ. ತಂತಿ ಸುತ್ತುವ ಯಂತ್ರ ಎರಡು, ಸುತ್ತಿದ ಸ್ಪ್ರಿಂಗಿಗೆ ಕಾವು ಕೊಡುವ ಕುಲುಮೆ ಒಂದು, ಕೆಲಸಗಾರರು ಹನ್ನೊಂದು ಜನ. ಅವರಿಂದ ಮಾಲು ಕೊಳ್ಳುತ್ತಿದ್ದ ಹಳೆಯ ಕಂಪನಿ ಬಾಗಿಲು ಹಾಕಿಕೊಂಡಿತ್ತು. ಪಂಪು ತಯಾರಿಸುವ ದೊಡ್ಡ ಕಂಪನಿಯೊಂದು ಇವರ ಸ್ಪ್ರಿಂಗ್ ನೋಡಿ ಮೆಚ್ಚಿ, ತನ್ನ ಅಧಿಕೃತ ಪೂರೈಕೆದಾರರ ಪಟ್ಟಿಗೆ ಸೇರಿಸಿಕೊಳ್ಳಲು ಒಪ್ಪಿತ್ತು. ಷರತ್ತು ಒಂದೇ, ಜಾಲತಾಣವಿರಬೇಕು. ದೀಪಾವಳಿಯೊಳಗೆ ಪಟ್ಟಿಗೆ ಸೇರದಿದ್ದರೆ ಹನ್ನೊಂದು ಜನರನ್ನೂ ಮನೆಗೆ ಕಳಿಸುವುದು ಬಿಟ್ಟು ಅವರಿಗೆ ಬೇರೆ ದಾರಿ ಇರಲಿಲ್ಲ.

ಫೆಬ್ರವರಿಯಲ್ಲಿ ಅವರು ಸಂಘಕ್ಕೆ ಅರ್ಜಿ ತಂದರು. ಏಕೆಂದರೆ ಶೆಡ್ಡಿನ ಕರಾರಿನ ಪ್ರಕಾರ ಬೋರ್ಡು ಹಾಕಲು ಸಂಘದ ಅನುಮತಿ ಬೇಕು. ತಪ್ಪಿದರೆ ಶೆಡ್ಡು ಖಾಲಿ ಮಾಡಬೇಕು. ಜಾಲತಾಣವೂ ಬೋರ್ಡೇ ಎಂದು ಅಧ್ಯಕ್ಷರಾದ ಕೃಷ್ಣಪ್ಪನವರು ತೀರ್ಮಾನಿಸಿದ್ದರು. ಮೂವತ್ತೊಂದು ಶೆಡ್ಡುಗಳೂ ಅವರ ಮನೆತನದವು. ಮಾಲೀಕರೇ ಬಾಡಿಗೆದಾರರ ಸಂಘಕ್ಕೂ ಅಧ್ಯಕ್ಷರಾಗಿರುವುದರಿಂದ ನಮ್ಮಲ್ಲಿ ದೂರುಗಳು ಬಹಳ ಬೇಗ ಇತ್ಯರ್ಥವಾಗುತ್ತವೆ.

“ಸಾರ್, ಇದಕ್ಕೆಲ್ಲ ಸಮಿತಿ ಯಾಕೆ?” ಎಂದರು ಪದ್ಮಾವತಿ. “ಈಗ ಕೋಡ್ ಬರೆಯೋದೇ ಬೇಡ. ರೆಡಿ ಟೂಲ್‌ಗಳಿವೆ. ಫೋಟೋ ಎಳೆದು ಹಾಕಿ, ನಾಲ್ಕು ಸಾಲು ಟೈಪ್ ಮಾಡಿದ್ರೆ ಮುಗೀತು. ಒಂದು ಭಾನುವಾರ ಕೂತ್ರೆ ನಾನೇ ಮಾಡ್ಕೊಳ್ತೀನಿ.”

“ಅದೆಂಗಾಯ್ತದಮ್ಮಾ?” ಎಂದರು ಅಧ್ಯಕ್ಷರು. “ಬೋರ್ಡು ಗೋಡೆ ಮ್ಯಾಲಿದ್ರೇನು, ಫೋನೊಳಗಿದ್ರೇನು? ಬೋರ್ಡು ಬೋರ್ಡೇ. ಇಂಗೆ ಒಬ್ಬೊಬ್ರೂ ಭಾನುವಾರ ಕುಂತು ಮಾಡ್ಕೊಂಡ್ರೆ ಸಂಘ ಯಾತಕ್ಕೆ?”

ಮೊದಲ ಸಭೆಗೆ ಪದ್ಮಾವತಿ ಮೂರು ಟೂಲ್‌ಗಳನ್ನು ಹೋಲಿಸಿ ಒಂದು ಹಾಳೆ ಬರೆದು ತಂದಿದ್ದರು. ಸಾಮಾನು ಮಾರುವ ಅಂಗಡಿಯವರಿಗೆ ಮೊದಲನೆಯ ಟೂಲ್ ಒಳ್ಳೆಯದು. ಬುಟ್ಟಿ, ಬಿಲ್ಲು, ಕೊರಿಯರ್ ಎಲ್ಲ ಅದರಲ್ಲೇ ಇದೆ. ನಾಲ್ಕು ಪುಟದಲ್ಲಿ ತಮ್ಮ ಕೆಲಸ ತೋರಿಸುವವರಿಗೆ ಎರಡನೆಯದು ಸಾಕು. ದಿನಾ ಸುದ್ದಿ ಬರೆದು ಹಾಕುವವರಿಗೆ ಮೂರನೆಯದು. ಸ್ಪ್ರಿಂಗ್ ಮಾಡುವ ನನಗೆ ಎರಡನೆಯದು ಸಾಕು. ಹಾಳೆಯಲ್ಲಿ ಇಷ್ಟೇ ಇದ್ದದ್ದು. ಇಂಥ ಸ್ಪಷ್ಟವಾದ ಕಾಗದ ಸಂಘದ ಕಡತಕ್ಕೆ ಹಿಂದೆಂದೂ ಬಂದಿರಲಿಲ್ಲವಾದ್ದರಿಂದ ಸದಸ್ಯರಿಗೆ ಗಾಬರಿಯಾಯಿತು.

ಅಗರಬತ್ತಿಯವರಿಗೊಂದು, ಸ್ಪ್ರಿಂಗಿನವರಿಗೊಂದು ಎಂದರೆ ತಾರತಮ್ಯವಾಗುವುದಿಲ್ಲವೇ ಎಂದು ಅಗರಬತ್ತಿ ತಯಾರಿಸುವ ಸದಸ್ಯರು ಕೇಳಿದರು. ಅವರಿಗೆ ಜಾಲತಾಣ ಬೇಕಿರಲಿಲ್ಲ. ಬೇರೆಯವರಿಗೆ ಬೇರೆಯದು ಸಿಗುವುದೂ ಬೇಕಿರಲಿಲ್ಲ. ಹೀಗಾಗಿ ಮೂರನೇ ಠರಾವು ಅಂಗೀಕಾರವಾಯಿತು. ಸ್ಪ್ರಿಂಗು, ಅಗರಬತ್ತಿ, ಪ್ಲೈವುಡ್ ಪೆಟ್ಟಿಗೆ, ಬಣ್ಣದ ಡಬ್ಬ ಹಾಗೂ ಅಧ್ಯಕ್ಷರ ಕಲ್ಯಾಣಮಂಟಪ, ಇವೆಲ್ಲಕ್ಕೂ ಸಮನಾಗಿ ಹೊಂದುವ ಒಂದೇ ಟೂಲನ್ನು ಆರಿಸತಕ್ಕದ್ದು. ಆರಿಸಲು ಡಿಜಿಟಲ್ ಸಲಹೆಗಾರರಾಗಿ ಹರ್ಷವರ್ಧನ್ ಅವರನ್ನು ನೇಮಿಸಲಾಯಿತು. ಸಂಬಂಧಿಕರನ್ನು ನೇಮಿಸುವಂತಿಲ್ಲ ಎಂಬ ನಿಯಮವನ್ನು ಯಾರೋ ನೆನಪಿಸಿದಾಗ, “ಅಳಿಯ ಅಲ್ಲ, ಮಗಳ ಗಂಡ ಅಂತ ಬರ್ಕಳಿ ಕರಿಬಸಪ್ಪೋರೆ” ಎಂದರು ಅಧ್ಯಕ್ಷರು. ಬರೆದುಕೊಂಡೆ.

ಆಮೇಲಿನ ಕೆಲಸ ಅತ್ಯಂತ ಕ್ರಮಬದ್ಧವಾಗಿ ನಡೆಯಿತು. ಈ ಟೂಲ್‌ಗಳನ್ನು ಕೊಳ್ಳುವ ಮುನ್ನ ಹದಿನಾಲ್ಕು ದಿನ ಪುಕ್ಕಟೆಯಾಗಿ ಬಳಸಿ ನೋಡಬಹುದು; ಹದಿನೈದನೇ ದಿನ ನಾವು ಮಾಡಿದ್ದು ಮಾಯವಾಗುತ್ತದೆ. ಆದರೆ ನಮ್ಮ ಒಂಬತ್ತನೇ ನಿಯಮದ ಪ್ರಕಾರ ಸಭೆಯ ಮುಂದಿಡುವ ಯಾವುದೇ ವಸ್ತು ಇಪ್ಪತ್ತೊಂದು ದಿನ ಮೊದಲೇ ಸಿದ್ಧವಾಗಿರಬೇಕು. ಹರ್ಷವರ್ಧನ್ ಪ್ರತಿ ತಿಂಗಳ ಸಭೆಗೂ ಏಳೆಂಟು ಜಾಲತಾಣಗಳನ್ನು ಶ್ರದ್ಧೆಯಿಂದ ಸಿದ್ಧಪಡಿಸುತ್ತಿದ್ದರು. ಸಭೆಯ ದಿನ ತೆರೆದರೆ ಏನೂ ಇರುತ್ತಿರಲಿಲ್ಲ. “ಪರಿಶೀಲಿಸಲಾಗಿ, ಪರಿಶೀಲಿಸಲು ಏನೂ ಕಂಡುಬರಲಿಲ್ಲ” ಎಂದು ನಾನು ದಾಖಲಿಸುತ್ತಿದ್ದೆ.

“ಹಿಂದಿನ ದಿನ ಮಾಡಿ ತೋರಿಸಿ ಸಾರ್!” ಎಂದು ಪದ್ಮಾವತಿ ಮೇ ತಿಂಗಳ ಸಭೆಯಲ್ಲಿ ಮೇಜು ಕುಟ್ಟಿದರು. ಹಾಗೆ ಮಾಡಿದರೆ ಒಂಬತ್ತನೇ ನಿಯಮದ ಉಲ್ಲಂಘನೆಯಾಗುತ್ತದೆಂದು ತಿಳಿಸಿ, ಮೇಜು ಕುಟ್ಟಿದ್ದಕ್ಕೆ ಅವರಿಂದ ವಿವರಣೆ ಪಡೆಯಲಾಯಿತು.

ಪ್ರತಿ ಪ್ರಯೋಗಕ್ಕೂ ಹೊಸ ಇಮೇಲ್ ಬೇಕು. ಮೊದಲು ಸದಸ್ಯರ ಇಮೇಲ್‌ಗಳು ಮುಗಿದವು, ಆಮೇಲೆ ಅವರ ಹೆಂಡತಿಯರವು, ಬೀಗರವು. ಒಂದು ಜಾಲತಾಣ ಮಾಡುವ ಟೂಲ್ ಯಾವುದೆಂದು ತಿಳಿಯುವುದಕ್ಕಾಗಿ ಆಗಸ್ಟ್ ಹೊತ್ತಿಗೆ ನಾವು ನಲವತ್ತೇಳು ಜಾಲತಾಣಗಳನ್ನು ಮಾಡಿದ್ದೆವು. ನಲವತ್ತೆಂಟನೆಯದಕ್ಕೆ ಉಳಿದಿದ್ದವರು ಅಧ್ಯಕ್ಷರ ತಾಯಿ, ಎಂಬತ್ತನಾಲ್ಕು ವರ್ಷದ ಚಿಕ್ಕಮುನಿಯಮ್ಮನವರು ಮಾತ್ರ. ಅವರ ಹೆಸರಿನಲ್ಲಿ ಇಮೇಲ್ ತೆರೆದು, ಅವರ ಫೋನ್ ನಂಬರನ್ನೇ ಕೊಟ್ಟು, ಹರ್ಷವರ್ಧನ್ ಒಂದು ಪೂರ್ತಿ ಪುಕ್ಕಟೆ ಟೂಲ್ ಹಿಡಿದರು. ಅದಕ್ಕೆ ಗಡುವೇ ಇರಲಿಲ್ಲ. ಅವಸರದಲ್ಲಿ ಕಣ್ಣಿಗೆ ಬಿದ್ದ ಮೊದಲ ಟೆಂಪ್ಲೇಟ್ ಒತ್ತಿ, ಪದ್ಮಾವತಿಯವರ ಹೆಸರು, ಶೆಡ್ ನಂಬರ್, ಫೋನ್ ಇಷ್ಟನ್ನು ತುಂಬಿಸಿ ಪ್ರಕಟಿಸಿಬಿಟ್ಟರು.

ಸಭೆಯಲ್ಲಿ ಅದು ತೆರೆಯಿತು. ಆರು ತಿಂಗಳಲ್ಲಿ ಮೊದಲ ಬಾರಿಗೆ ಏನೋ ಒಂದು ತೆರೆದಿದ್ದರಿಂದ ಸದಸ್ಯರು ಚಪ್ಪಾಳೆ ತಟ್ಟಿ ಸರ್ವಾನುಮತದಿಂದ ಅಂಗೀಕರಿಸಿದರು. ಆಮೇಲೆ ನೋಡಿದರು. ದುಂಡು ಮೇಜು, ಹೂದಾನಿ, ಬಿಳಿ ಟೋಪಿ ಹಾಕಿದ ಒಬ್ಬ ನಗುಮುಖದ ಮನುಷ್ಯ, ಅವನ ಕೈಯಲ್ಲಿ ಸುರುಳಿ ಸುತ್ತಿದ ಬನ್ನುಗಳ ತಟ್ಟೆ.

“ಸಾರ್, ಇದು ಬೇಕರಿ,” ಎಂದರು ಪದ್ಮಾವತಿ.

“ಬಣ್ಣ ಚೆನ್ನಾಗೈತೆ,” ಎಂದರು ಅಧ್ಯಕ್ಷರು.

“ಡಮ್ಮಿ ಫೋಟೋ ಮೇಡಂ, ಟೆನ್ಷನ್ ಬೇಡ,” ಎಂದರು ಹರ್ಷವರ್ಧನ್. “ಎರಡೇ ನಿಮಿಷ, ಚೇಂಜ್ ಮಾಡ್ಬಿಡ್ತೀನಿ.” ಬದಲಾಯಿಸಲು ಒಳಗೆ ಹೋಗಬೇಕಿತ್ತು. ಒಳಗೆ ಹೋಗಲು ಬೇಕಾದ ಓಟಿಪಿ ಚಿಕ್ಕಮುನಿಯಮ್ಮನವರ ಫೋನಿಗೆ ಹೋಯಿತು.

ಸಮಿತಿಯು ಶೆಡ್ಡುಗಳ ಹಿಂದಿರುವ ಅವರ ಮನೆಗೆ ತೆರಳಿತು. ಅವರು ಜಗಲಿಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಫೋನು ಸೊಂಟದ ಎಲೆಅಡಿಕೆ ಚೀಲದಲ್ಲಿತ್ತು.

“ಅದ್ಯಾವ್ದೋ ನಂಬ್ರು ಬಂದೈತೆ, ದಿಟ,” ಎಂದರು. “ಯಾರ್ಗೂ ಯೋಳ್ಬ್ಯಾಡಿ ಅಂತ ರಿಂಗಾಗೋಕ್ ಮುಂಚೆ ಫೋನ್ನಾಗೆ ಒಬ್ಳು ದಿನಾ ಬಡ್ಕೊಂತಾಳೆ. ನಾನ್ಯಾಕೆ ಯೋಳ್ಲಿ?”

“ಅವ್ವಾ, ನಾನು ನಿನ್ ಮಗ!”

“ಮಗ ಅಂತ ಯೋಳ್ಕೊಂಡೇ ಬತ್ತಾರಂತೆ. ಅದ್ನೂ ಅವ್ಳೇ ಯೋಳವ್ಳೆ.”

ಈ ಇಡೀ ಪ್ರಕರಣದಲ್ಲಿ ಒಂದು ನಿಯಮವನ್ನು ಅದರ ಅರ್ಥ ತಿಳಿದು ಪಾಲಿಸಿದವರು ಆ ಅಜ್ಜಿಯೊಬ್ಬರೇ. ಮೂವತ್ತೊಂದು ಶೆಡ್ಡಿನ ನೆಲ ಇನ್ನೂ ಅವರ ಹೆಸರಿನಲ್ಲೇ ಇರುವುದರಿಂದ ಯಾರೂ ಒತ್ತಾಯ ಮಾಡಲಿಲ್ಲ. ಸಮಿತಿ ಒಂದೊಂದು ಲೋಟ ಮಜ್ಜಿಗೆ ಕುಡಿದು ವಾಪಸಾಯಿತು.

ಬೇರೆ ಟೂಲಿನಲ್ಲಿ ಇನ್ನೊಂದನ್ನು ಮಾಡಿಕೊಳ್ಳಲೇ ಎಂದು ಪದ್ಮಾವತಿ ಕೇಳಿದರು. ಒಂದು ಶೆಡ್ಡಿಗೆ ಒಂದೇ ಬೋರ್ಡು ಎಂಬ ನಿಯಮವನ್ನು ಅವರಿಗೆ ಓದಿ ಹೇಳಲಾಯಿತು. ಅಷ್ಟರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಡೆಯಿಂದ ಅವರಿಗೆ ಮೊಟ್ಟೆ ಹಾಕದ ಕೇಕು ಕೇಳಿ ಫೋನುಗಳು ಬರತೊಡಗಿದ್ದವು.

ದೀಪಾವಳಿಗೆ ಇಪ್ಪತ್ತು ದಿನವಿರುವಾಗ ಪಂಪು ಕಂಪನಿಯ ತಪಾಸಣಾಧಿಕಾರಿ ಭಾನುಪ್ರಕಾಶ್ ಬಂದರು. ಸ್ಪ್ರಿಂಗನ್ನು ಒತ್ತಿ, ಎಳೆದು, ಅಳೆದು ನೋಡಿ ತಲೆದೂಗಿದರು. “ಮಾಲು ಸಕ್ಕತ್ತಾಗಿದೆ ಮೇಡಂ, ನಾನು ಇಲ್ಲ ಅಂತಿಲ್ಲ. ಆದ್ರೆ ನನ್ನ ಚೆಕ್‌ಲಿಸ್ಟಲ್ಲಿ ಇರೋದು ವೆಬ್‌ಸೈಟಿಗೂ ಜಾಗಕ್ಕೂ ತಾಳೆ ಆಗ್ಬೇಕು ಅಂತ. ಬನ್ ಎಲ್ಲಿ?”

“ಅದು ತಪ್ಪಾಗಿ ಬಂದಿದೆ ಸಾರ್. ನಾವು ಮಾಡೋದು ಸ್ಪ್ರಿಂಗು, ನೀವು ತಗೊಳ್ಳೋದೂ ಸ್ಪ್ರಿಂಗು.”

“ಅದು ನಂಗೂ ಗೊತ್ತು ಮೇಡಂ, ನಿಮ್ಗೂ ಗೊತ್ತು. ಚೆಕ್‌ಲಿಸ್ಟಿಗೆ ಗೊತ್ತಿಲ್ವಲ್ಲ. ಹದಿನೈದು ದಿನ ಟೈಮ್ ಕೊಡ್ತೀನಿ, ಸರಿ ಮಾಡಿ.”

ತುರ್ತು ಸಭೆ ಸೇರಿತು. ಅಲ್ಲಿ ಅಂಗೀಕಾರವಾದ ಸುತ್ತೋಲೆಯ ಪಾಠ ಹೀಗಿದೆ: “ಜಾಲತಾಣವನ್ನು ಬದಲಾಯಿಸುವುದು ತಾಂತ್ರಿಕವಾಗಿ ಅಸಾಧ್ಯವಾಗಿರುತ್ತದೆ. ಶೆಡ್ಡನ್ನು ಬದಲಾಯಿಸಲು ಯಾವುದೇ ಓಟಿಪಿಯ ಅಗತ್ಯವಿರುವುದಿಲ್ಲ. ಆದಕಾರಣ ಹದಿನಾಲ್ಕನೇ ಶೆಡ್ಡು ಹದಿನೈದು ದಿನಗಳೊಳಗಾಗಿ ತನ್ನ ಜಾಲತಾಣಕ್ಕೆ ಅನುಗುಣವಾಗಿ ನಡೆದುಕೊಳ್ಳತಕ್ಕದ್ದು.”

ಪದ್ಮಾವತಿ ಎದ್ದು ನಿಂತರು. “ಮೂಗಿಗಿಂತ ಮೂಗುತಿ ಭಾರ ಅಂತಾರೆ. ನೀವು ಮೂಗನ್ನೇ ಕುಯ್ದು ಮೂಗುತಿ ಇಟ್ಕೋ ಅಂತಿದೀರಲ್ಲ ಸಾರ್!” ‘ಸದಸ್ಯೆಯವರು ಗಾದೆಯೊಂದನ್ನು ಉಲ್ಲೇಖಿಸಿ ಸಮ್ಮತಿಸಿದರು’ ಎಂದು ನಾನು ಬರೆದೆ. ಸಮ್ಮತಿಸದೆ ಏನು ಮಾಡುತ್ತಾರೆ, ಹನ್ನೊಂದು ಮನೆಗಳ ಅನ್ನ ಆ ಪಟ್ಟಿಯ ಮೇಲಿತ್ತು.

ಸುತ್ತುವ ಯಂತ್ರಗಳನ್ನು ಹೊರಗೆ ಸಾಗಿಸಿ, ಆ ಜಾಗಕ್ಕೆ ದುಂಡು ಮೇಜುಗಳನ್ನು ತರಲಾಯಿತು. ಮೇಜು, ಹೂದಾನಿಗಳನ್ನು ಒದಗಿಸಿದವರೂ ಹರ್ಷವರ್ಧನ್ ಅವರೇ. ಬೇರೆ ಯಾರಿಗೂ ಟೆಂಪ್ಲೇಟಿನ ಅಳತೆ ಗೊತ್ತಿರಲಿಲ್ಲ. ಸ್ಪ್ರಿಂಗಿಗೆ ಕಾವು ಕೊಡುತ್ತಿದ್ದ ಕುಲುಮೆಯನ್ನು ತೊಳೆದು ಬನ್ನಿಗೆ ಬಿಟ್ಟರು. ಇಪ್ಪತ್ತೆರಡು ವರ್ಷ ತಂತಿ ಸುತ್ತಿದ ಮುತ್ತಣ್ಣನಿಗೆ ಬಿಳಿ ಟೋಪಿ ತೊಡಿಸಲಾಯಿತು. ತಂತಿಯನ್ನು ಬೆರಳಲ್ಲಿ ಹಿಡಿದೇ ಅದರ ದಪ್ಪ ಹೇಳುತ್ತಿದ್ದ ಮನುಷ್ಯ ಅವನು. ಹಿಟ್ಟಿನ ಎಳೆಯನ್ನು ಕೈಯಲ್ಲಿ ಹಿಡಿದು ನನ್ನನ್ನು ಕೇಳಿದ, “ಸಾರ್, ಇದಕ್ಕೆ ಎಷ್ಟು ಸುತ್ತು?” ನನಗೆ ನಾಚಿಕೆಯಾಯಿತು ಎಂದು ಇಲ್ಲಿ ಹೇಳಿಬಿಡುತ್ತೇನೆ. ನಡಾವಳಿ ಪುಸ್ತಕದಲ್ಲಿ ಅದಕ್ಕೆ ಅಂಕಣವಿಲ್ಲ. ಫೋಟೋ ನೋಡಿ ಎಣಿಸಿ, ಐದು ಎಂದೆ.

ಭಾನುಪ್ರಕಾಶ್ ಮತ್ತೆ ಬಂದು, ಫೋನು ಒಂದು ಕೈಯಲ್ಲಿ, ಬನ್ನು ಇನ್ನೊಂದರಲ್ಲಿ ಹಿಡಿದು ಹೋಲಿಸಿದರು. ನೂರಕ್ಕೆ ನೂರು ತಾಳೆಯಾಯಿತು. ಮುತ್ತಣ್ಣನಿಗೆ ನಗಲು ಹೇಳಿದರು. ಅವನು ನಕ್ಕ ಮೇಲೆ ಸಹಿ ಹಾಕಿದರು. ದೀಪಾವಳಿಗೆ ಮೂರು ದಿನ ಮುಂಚೆ ಹದಿನಾಲ್ಕನೇ ಶೆಡ್ಡು ಪಂಪು ಕಂಪನಿಯ ಅಧಿಕೃತ ಸ್ಪ್ರಿಂಗ್ ಪೂರೈಕೆದಾರರ ಪಟ್ಟಿಗೆ ಸೇರಿತು. ಯಾರೂ ಕೆಲಸ ಕಳೆದುಕೊಳ್ಳಲಿಲ್ಲ.

ಆ ಸ್ಪ್ರಿಂಗುಗಳನ್ನು ಈಗ ಮಾದನಾಯಕನಹಳ್ಳಿಯ ಪ್ರಸನ್ನ ಎಂಬುವವರು ಮಾಡಿಕೊಡುತ್ತಾರೆ. ಅವರಿಗೆ ಜಾಲತಾಣವಿಲ್ಲ, ಹಾಗಾಗಿ ಸ್ಪ್ರಿಂಗ್ ಮಾಡಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಪದ್ಮಾವತಿಯವರ ಎರಡು ಯಂತ್ರಗಳನ್ನೂ ಅವರೇ ಕೊಂಡರು. ಅಲ್ಲಿಂದ ಬಂದ ಮಾಲನ್ನು ಪದ್ಮಾವತಿ ಪೆಟ್ಟಿಗೆ ಬಿಚ್ಚದೆ ಪಂಪು ಕಂಪನಿಗೆ ಕಳಿಸುತ್ತಾರೆ.

ಮೊನ್ನೆ ವಾರ್ಷಿಕ ತಪಾಸಣೆ ನಡೆಯಿತು. ಮೇಜು, ಹೂದಾನಿ, ಟೋಪಿ, ಬನ್ನು, ಬನ್ನಿನ ಐದು ಸುತ್ತು, ಎಲ್ಲ ಸರಿಯಿದ್ದವು. ಕಂಡುಬಂದ ನ್ಯೂನತೆ ಒಂದೇ. ಬಿಲ್ಲುಗಳು ಹಾರದಿರಲೆಂದು ಗಲ್ಲಾದ ಮೇಲೆ ಮುತ್ತಣ್ಣ ಒಂದು ಸ್ಪ್ರಿಂಗ್ ಇಟ್ಟಿದ್ದ. ಯಂತ್ರ ಸಾಗಿಸಿದ ದಿನ ಅವನು ಕಡೆಯದಾಗಿ ಸುತ್ತಿದ ಸ್ಪ್ರಿಂಗ್ ಅದಂತೆ. ಜಾಲತಾಣದಲ್ಲಿ ಇಲ್ಲದ ವಸ್ತುವಾದ್ದರಿಂದ ಅದನ್ನು ತೆಗೆಸುವಂತೆ ಭಾನುಪ್ರಕಾಶ್ ಸೂಚಿಸಿದರು.

“ತೆಗೀರಿ ಮುತ್ತಣ್ಣ,” ಎಂದರು ಪದ್ಮಾವತಿ. ಅವನು ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡ. ಇನ್ನು ಮುಂದೆ ಹದಿನಾಲ್ಕನೇ ಶೆಡ್ಡಿನಲ್ಲಿ ಸ್ಪ್ರಿಂಗ್ ಕಂಡುಬರುವುದಿಲ್ಲ ಎಂದು ಅಧಿಕೃತ ಸ್ಪ್ರಿಂಗ್ ಪೂರೈಕೆದಾರರಾದ ಪದ್ಮಾವತಿಯವರು ಮುಚ್ಚಳಿಕೆ ಬರೆದುಕೊಟ್ಟರು. ಅದನ್ನು ಕಡತಕ್ಕೆ ಸೇರಿಸಿದ್ದೇನೆ.