ಬಸವಪ್ರಸಾದ ಮಾಸ್ತರರ ಕೆಂಪು ದೀಪ

ರೋಣದ ಬಸವಪ್ರಸಾದ ಮಾಸ್ತರರಿಗೆ ಕಷ್ಟ ತಂದದ್ದು ವೈಫೈ ಅಲ್ಲ, ಅವರ ಬಾಯಿ. ಹೋದ ತಿಂಗಳು ಶಾಲೆಯಲ್ಲಿ ಚಹಾ ಕುಡಿಯುವಾಗ ಯಾರೋ ತಮ್ಮ ಮನೆಯ ನೆಟ್ ಹೋಗಿದೆ ಎಂದರು. ಮಾಸ್ತರರು ಸುಮ್ಮನೆ ಚಹಾ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಕಪ್ಪು ಕೆಳಗಿಟ್ಟು, “ಅದೇನ ದೊಡ್ಡ ವಿದ್ಯಾ ಅಲ್ರಿ. ನಮ್ಮನ್ಯಾಗ ಎಷ್ಟ ಸಲ ಹೋದರೂ ನಾನ ರಿಪೇರಿ ಮಾಡತೇನಿ” ಎಂದುಬಿಟ್ಟರು. ಅವರಿಗೆ ಗೊತ್ತಿದ್ದ ರಿಪೇರಿ ಒಂದೇ: ಸ್ವಿಚ್ ಆರಿಸುವುದು, ಮತ್ತೆ ಹಾಕುವುದು.

ಆ ಮಾತು ಹೆಡ್‌ಮಾಸ್ತರರ ಕಿವಿಗೆ ಬಿತ್ತು. ಅಲ್ಲಿಂದ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಮೇಡಂ ಅವರ ಕಿವಿಗೂ ಹೋಯಿತು. ಭಾನುವಾರ ಸಂಜೆ ತಾಲ್ಲೂಕಿನ ಶಿಕ್ಷಕರಿಗೆಲ್ಲ ಆನ್‌ಲೈನಿನಲ್ಲಿ ಬಸವಪ್ರಸಾದ ಮಾಸ್ತರರಿಂದ ಒಂದು ತಾಸು ಉಪನ್ಯಾಸ, ವಿಷಯ ‘ಮನೆಯ ವೈಫೈ ಕೈಕೊಟ್ಟಾಗ’ ಎಂದು ನಿಶ್ಚಯವಾಯಿತು.

ಸ್ವಿಚ್ ಆರಿಸಿ ಹಾಕುವುದನ್ನು ಎಷ್ಟು ಎಳೆದು ಹೇಳಿದರೂ ಒಂದು ನಿಮಿಷ. ಉಳಿದ ಹೊತ್ತು ಏನು ಹೇಳುವುದು? ಮಾಸ್ತರರಿಗೆ ವಾರವಿಡೀ ನಿದ್ದೆ ಹತ್ತಲಿಲ್ಲ. ಇಷ್ಟು ವರ್ಷ ಹುಡುಗರನ್ನು ‘ಓದಿಕೊಂಡು ಬಂದಿಲ್ಲೇನು’ ಎಂದು ಬೆಂಚಿನ ಮೇಲೆ ನಿಲ್ಲಿಸಿದವರಿಗೆ, ತಾಲ್ಲೂಕಿನ ಎದುರು ತಾವೇ ಹಾಗೆ ನಿಲ್ಲುವ ಹೊತ್ತು ಬಂದಿತ್ತು.

ಭಾನುವಾರ ಬೆಳಿಗ್ಗೆ ಉಪಾಯ ಹೊಳೆಯಿತು. ನೆಟ್ ಇಲ್ಲದಿದ್ದರೆ ಉಪನ್ಯಾಸವೂ ಇಲ್ಲ. ಹೆಂಡತಿ ಅನ್ನಪೂರ್ಣೇಶ್ವರಿ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ, ಪಡಸಾಲೆಯ ಗೋಡೆಯಲ್ಲಿ ಗೂಡಿನಂತಿದ್ದ ಮಾಡದಲ್ಲಿಟ್ಟಿದ್ದ ವೈಫೈ ಪೆಟ್ಟಿಗೆಯ ಹಿಂದೆ ಕೈಹಾಕಿ ಹಳದಿ ವೈರನ್ನು ಚೂರೇ ಚೂರು ಹೊರಗೆಳೆದರು. ಹಸಿರು ದೀಪ ಕೆಂಪಾಯಿತು. ಯಾರೂ ಫೋನ್ ಮಾಡಬಾರದೆಂದು ಮೊಬೈಲಿನಲ್ಲಿ ವಿಮಾನದ ಗುರುತನ್ನೂ ಒತ್ತಿ ಜೇಬಿಗಿಳಿಸಿದರು. ವಾರದಲ್ಲಿ ಮೊದಲ ಸಲ ಅವರಿಗೆ ಚೆನ್ನಾಗಿ ಹಸಿವಾಯಿತು.

“ಏನ್ ಮಾಡೂದು, ನೆಟ್ ಹೋಗೇತಿ. ಇವತ್ತಿನ ಭಾಷಣಾ ಆಗೂದಿಲ್ಲ ಅನಸ್ತೈತಿ” ಎಂದರು, ರೊಟ್ಟಿ ಮುರಿಯುತ್ತ, ಆದಷ್ಟು ದುಃಖದಿಂದ.

ಅನ್ನಪೂರ್ಣೇಶ್ವರಿ ತಟ್ಟೆಗೆ ಪಲ್ಯ ಹಾಕುವುದನ್ನು ನಿಲ್ಲಿಸಿದಳು. “ಅಲ್ರಿ, ನೆಟ್ ಹೋದಾಗ ಏನ್ ಮಾಡಬೇಕು ಅಂತ ಹೇಳವ್ರ ನೀವು. ನೆಟ್ ಹೋಗೇತಿ ಅಂತ ನೀವ ಭಾಷಣಾ ಬಿಟ್ರ, ಮಂದಿ ಏನಂದಾರು?”

ಇದು ಮಾಸ್ತರರಿಗೆ ಹೊಳೆದಿರಲಿಲ್ಲ. ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟರು.

“ರಿಪೇರಿ ಮಾಡ್ರಿ ಮತ್ತ. ಸಂಜಿಗೆ ಓಣಿ ಮಂದಿ ನಿಮ್ಮ ಭಾಷಣಾ ನೋಡಾಕ ಬರಾಕತ್ತಾರ. ನಾನ ಹೇಳೇನಿ.”

ಊಟವಾದ ಮೇಲೆ ಮಾಸ್ತರರು ಪೆಟ್ಟಿಗೆಯ ಮುಂದೆ ಕುಳಿತು ರಿಪೇರಿಯ ನಾಟಕ ಸುರುಮಾಡಿದರು. ಸ್ವಿಚ್ ಆರಿಸಿದರು, ಹಾಕಿದರು. ತಲೆ ತುರಿಸಿಕೊಂಡರು. ಮತ್ತೆ ಆರಿಸಿದರು. ಅಷ್ಟರಲ್ಲಿ ಸುದ್ದಿ ಗೋಡೆ ದಾಟಿ, ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವ ಮಲಿಕಸಾಬ ಟೆಸ್ಟರ್ ಹಿಡಿದು ಬಂದ. ಪಕ್ಕದ ಮನೆಯ ಮುದುಕಿ ಬಾಳವ್ವ ಹಿಂದೆಯೇ ಬಂದಳು.

“ಸರ, ಕರೆಂಟ್ ಬರಾಕತ್ತೈತಿ,” ಎಂದ ಮಲಿಕಸಾಬ, ಟೆಸ್ಟರ್ ಹಚ್ಚಿ ನೋಡಿ. “ವೈಂಡಿಂಗ್ ಸುಟ್ಟಿರಬೇಕು. ಬಿಚ್ಚಲೇನ್ರಿ?”

“ಬ್ಯಾಡಪ. ಕಂಪನಿಯವರ ಬಿಚ್ಚಬೇಕದು.”

“ಹಂಗಾರ ನನ್ನ ಫೋನಿನ ನೆಟ್ ಕೊಡತೇನಿ, ತೊಗೋರಿ.”

“ಬ್ಯಾಡೋ ಮಾರಾಯಾ,” ಎಂದರು ಮಾಸ್ತರರು ಗಾಬರಿಯಿಂದ. “ವೈಫೈ ಬಗ್ಗೆ ಹೇಳವ ವೈಫೈದಾಗಿಂದನ ಹೇಳಬೇಕು. ಇದು ತತ್ವದ ಮಾತು.”

ತತ್ವ ಎಂದ ಕೂಡಲೆ ಮಲಿಕಸಾಬನಿಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಹೇಗಾದರೂ ಮಾಡಿ ಇದನ್ನು ಸರಿಮಾಡಿಯೇ ಏಳುತ್ತೇನೆಂದು ಪಟ್ಟುಹಿಡಿದು ಕುಳಿತ. ಪೆಟ್ಟಿಗೆಯ ಕೊಂಬುಗಳನ್ನು ಗದಗದ ಕಡೆ ತಿರುಗಿಸಿದ, ಗಜೇಂದ್ರಗಡದ ಕಡೆ ತಿರುಗಿಸಿದ. ಅವನ ಕೈ ಹಿಂದಿನ ವೈರಿನ ಹತ್ತಿರ ಹೋದಾಗಲೆಲ್ಲ ಮಾಸ್ತರರು, “ಚಹಾ ತೊಗೋ ಮಲಿಕಸಾಬ” ಎನ್ನುತ್ತಿದ್ದರು. ಸಂಜೆಯೊಳಗೆ ಅವನು ಆರು ಕಪ್ ಚಹಾ ಕುಡಿದ. ಅನ್ನಪೂರ್ಣೇಶ್ವರಿಯ ಹಾಲು ಮುಗಿಯಿತು.

ಉಪನ್ಯಾಸಕ್ಕೆ ಇನ್ನು ಸ್ವಲ್ಪವೇ ಹೊತ್ತು ಇತ್ತು. ಓಣಿಯ ಮಂದಿ ಬಂದು ಪಡಸಾಲೆ ತುಂಬ ಕುಳಿತಿದ್ದರು. ದೀಪ ಕೆಂಪಾಗಿಯೇ ಇತ್ತು. ಮಾನ ಹೋದರೂ ಪ್ರಾಣ ಉಳಿಯಿತೆಂದು ಮಾಸ್ತರರು ಒಳಗೊಳಗೇ ಹಿಗ್ಗಿದರು.

ಆಗ ಬಾಳವ್ವ ಎದ್ದಳು. “ಸರೀರೆಪ್ಪಾ. ಕಣ್ಣ ಕೆಂಪ ಮಾಡೇತಂದ್ರ ದೃಷ್ಟಿ ಆಗೇತಿ ಇದಕ.” ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಎಲ್ಲರನ್ನೂ ಕೆಮ್ಮಿಸಿದಳು. ಪೆಟ್ಟಿಗೆಯ ಮೇಲಿನ ಧೂಳು ಕಂಡು, “ಹೊಲಸ ನೋಡು” ಎಂದು ಸೆರಗಿನಿಂದ ಒರೆಸಿ, ಮಾಡದೊಳಗೆ ಗೋಡೆಗೆ ಹತ್ತುವ ಹಾಗೆ ಗಟ್ಟಿಯಾಗಿ ನೂಕಿದಳು.

ಹಿಂದೆ ಏನೋ ಟಕ್ಕೆಂದಿತು. ದೀಪ ಹಸಿರಾಯಿತು.

ಓಣಿಯ ಮಂದಿ ಚಪ್ಪಾಳೆ ತಟ್ಟಿದರು. ಮಾಸ್ತರರಿಗೆ ಅಳು ಬಂತು. ಖುಷಿಯ ಕಣ್ಣೀರೆಂದು ಹೆಂಡತಿ ಸೆರಗು ಕೊಟ್ಟಳು. ಮಲಿಕಸಾಬ ಮೋಟರಿಗೆ ಸುತ್ತುವ ಟೇಪು ತಂದು, ಪೆಟ್ಟಿಗೆಗೂ ವೈರಿಗೂ ಬಿಗಿಯಾಗಿ ಸುತ್ತಿದ.

ಮಾಡದ ಕೆಳಗೆ ಲ್ಯಾಪ್‌ಟಾಪ್ ಇಟ್ಟು ಮಾಸ್ತರರನ್ನು ಗೋಡೆಗೆ ಬೆನ್ನು ಮಾಡಿ ಕೂರಿಸಿದರು. ಪರದೆಯ ಮೇಲೆ ಮೇಡಂ ಮೂಡಿದರು. ಅವರ ಸುತ್ತ ಮುಖಗಳ ಮೇಲೆ ಮುಖಗಳು, ಅರ್ಧಕ್ಕರ್ಧ ಗುರುತಿಲ್ಲದವು.

“ಬರ್ರಿ ಸರ,” ಎಂದರು ಮೇಡಂ ನಗುತ್ತ. “ಖರೇ ಅಂದ್ರ ಇವತ್ತಿನ ಕಾರ್ಯಕ್ರಮಾನ ರದ್ದ ಮಾಡಬೇಕಂತಿದ್ವಿ. ಭಾನುವಾರ ಬ್ಯಾಡ ಅಂತ ಎಲ್ಲಾರೂ ಅಂದ್ರು. ನೀವೂ ಒಂದ ‘ಹೂಂ’ ಅಂದ್ರ ಬಿಟ್ಟಬಿಡೂಣು ಅಂತ ಮುಂಜಾನಿಯಿಂದ ಗ್ರೂಪಿನಾಗ ಕೇಳಿದ್ವಿ. ಫೋನ್ ಹಚ್ಚಿದ್ವಿ. ನೀವು ಯಾವುದಕ್ಕೂ ಜವಾಬ ಕೊಡಲಿಲ್ಲ. ಸರ ಅಷ್ಟ ತಯಾರಿ ನಡಸ್ಯಾರ, ಅವರ ಉಮೇದಿ ಹಾಳ ಮಾಡಬಾರ್ದು ಅಂತ ನರಗುಂದ, ಗಜೇಂದ್ರಗಡದ ಶಿಕ್ಷಕರನ್ನೂ ಕರದೀವಿ. ಒಂದ ತಾಸ ಸಾಲದು, ಎರಡ ತಾಸ ಮಾತಾಡ್ರಿ.”

ಮಾಸ್ತರರು ಜೇಬಿನಲ್ಲಿದ್ದ ಮೊಬೈಲನ್ನು ಮುಟ್ಟಿ ನೋಡಿಕೊಂಡರು. ಅದು ಇನ್ನೂ ವಿಮಾನದಲ್ಲೇ ಇತ್ತು.

“ಮೊದಲು ಸ್ವಿಚ್ ಆರಿಸಬೇಕು,” ಎಂದು ಸುರುಮಾಡಿದರು. “ಆಮೇಲೆ ಹಾಕಬೇಕು.”

ಮೂರು ತಾಲ್ಲೂಕಿನ ಶಿಕ್ಷಕರು ಅದನ್ನು ಬರೆದುಕೊಂಡು, ಮುಂದಿನದಕ್ಕೆ ಪೆನ್ನು ಹಿಡಿದು ಕಾದರು. ಮಾಸ್ತರರು ಬೆನ್ನು ಕೆರೆದುಕೊಳ್ಳುವವರ ಹಾಗೆ ಕೈಯನ್ನು ಹಿಂದಕ್ಕೆ, ಮೇಲಕ್ಕೆ ಒಯ್ದು ಹಳದಿ ವೈರನ್ನು ಹಿಡಿದು ಜಗ್ಗಿದರು. ಅದು ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿದರು.

ಬಾಗಿಲಲ್ಲಿ ನಿಂತಿದ್ದ ಮಲಿಕಸಾಬನಿಗೆ ಅವರ ಕೈ ಕಂಡಿತು. “ಹೆದರಬ್ಯಾಡ್ರಿ ಸರ,” ಎಂದ ಮೆಲ್ಲಗೆ, “ಬಾವ್ಯಾಗಿನ ಮೋಟರಿಗೆ ಸುತ್ತೂ ಟೇಪ ಅದು. ಇನ್ನ ಹೋಗಂಗಿಲ್ಲ.”