ಹೊಸನಗರದಲ್ಲಿ ಕೂತ ಬೆಳ್ಳಿ

ತೀರ್ಥಹಳ್ಳಿಯ ಶ್ವಾನ ಪ್ರದರ್ಶನದಲ್ಲಿ ಈ ಸಲ ವಿಧೇಯತೆಯ ಮೊದಲ ಬಹುಮಾನ ತಮ್ಮ ಬೆಳ್ಳಿಗೇ ಎಂದು ನಾಗರಾಜಪ್ಪನವರು ಯುಗಾದಿಯಿಂದಲೇ ಸಾಗರದ ತುಂಬಾ ಸಾರಿಕೊಂಡು ಬಂದಿದ್ದರು. ಬೆಳ್ಳಿ ಅಪ್ಪಟ ಬೀದಿಯ ತಳಿ. ಎದುರಾಳಿಗಳೋ, ಫ್ಯಾನಿನ ಗಾಳಿ ಸಾಲದೆ ಏಸಿ ಬೇಡುವ ಹಸ್ಕಿಗಳು. "ಬರ್ಲಿ. ಮೂರು ನಿಮಿಷ ಅಲ್ಲಾಡ್ದೆ ಕೂರೋಕೆ ವಂಶಾವಳಿ ಬೇಕಿಲ್ಲ, ಗುರು ಬೇಕು" ಎಂದು ಅವರು ಮೀಸೆ ತೀಡಿದರೆ, ಗುರು ಯಾರೆಂದು ಯಾರೂ ಕೇಳುತ್ತಿರಲಿಲ್ಲ.

ಪೊಲೀಸ್ ಶ್ವಾನದಳದಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದ ನಾಗರಾಜಪ್ಪನವರೂ ಅದೇ ದಳದ ಕನ್ನಪ್ಪನೂ ನಿವೃತ್ತರಾದ ಮೇಲೆ ಸಾಗರದಲ್ಲಿ ಭಾನುವಾರದ ನಾಯಿಶಾಲೆ ನಡೆಸುತ್ತಿದ್ದರು. ಅಡ್ಡಗಂಬ ಹಾರಿಸುವುದು, ತಳವಿಲ್ಲದ ಡ್ರಮ್ಮಿನೊಳಗೆ ನುಗ್ಗಿಸುವುದು, ಪ್ರದರ್ಶನದ ಠೀವಿಯ ನಡಿಗೆ, ಇವೆಲ್ಲ ಕನ್ನಪ್ಪನ ಪಾಲು. ವಿಧೇಯತೆ ನಾಗರಾಜಪ್ಪನವರದು. ಅವರ ನಿಯಮ ದಳದ ಕಾಲದ್ದು. 'ಸ್ಟೇ' ಎಂದರೆ ಮುಗಿಯಿತು. ಒಡೆಯನೇ ಬಂದು, ಬಲಗೈ ತಲೆಯ ಮೇಲಿಟ್ಟು, ಹೆಸರು ಹಿಡಿದು 'ಆಯ್ತು' ಅನ್ನುವ ತನಕ ಏಳುವಂತಿಲ್ಲ. ಪರರ ಕೈಯ ತುತ್ತು ಮುಟ್ಟುವಂತಿಲ್ಲ. ಮೊದಲ ದಿನದ ಪಾಠವಂತೂ ಮನುಷ್ಯರಿಗೇ. ಫೋಟೋ ತೆಗೆಸಿಕೊಳ್ಳಲು ದುಬಾರಿ ಮರಿ ತಂದು, ಸೋಫಾದ ಮೇಲೆ ರೋಮ ಉದುರಿತೆಂದು ಘಾಟಿಯ ತಿರುವಿನಲ್ಲಿ ಇಳಿಸಿ ಗಾಡಿ ಓಡಿಸುವವರನ್ನು ಅವರು ಹೇಗೆ ಉಗಿಯುತ್ತಿದ್ದರೆಂದರೆ, ತಪ್ಪು ಮಾಡದವರೂ ತಲೆ ತಗ್ಗಿಸುತ್ತಿದ್ದರು. ಆ ಉಗಿತದಲ್ಲಿ ಒಂದಕ್ಷರವೂ ಹೆಚ್ಚಲ್ಲ ಬಿಡಿ.

ಪ್ರದರ್ಶನದ ದಿನ ಬೆಳಿಗ್ಗೆ ಕನ್ನಪ್ಪನ ಓಮ್ನಿಯಲ್ಲಿ ಹೊರಟು ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಕಾಫಿಗೆ ನಿಂತರು. ಕ್ಯಾಂಟೀನಿನ ಮೇಘನಾ, "ಇದು ಹೇಳಿದ್ದು ಕೇಳ್ತದಾ ಸಾರ್?" ಎಂದು ಕೇಳಿದ್ದೇ ತಪ್ಪಾಯಿತು. ನಾಗರಾಜಪ್ಪನವರು ಎದೆಯುಬ್ಬಿಸಿ, ಹುಂಚದ ಬಸ್ಸು ನಿಲ್ಲುವ ಜಾಗದ ನಟ್ಟನಡುವೆ ಬೆಳ್ಳಿಯನ್ನು ಕೂರಿಸಿ, 'ಸ್ಟೇ' ಎಂದು ಒಳಗೆ ಹೋದರು.

ಕಾಫಿಯ ಜೊತೆ ಕನ್ನಪ್ಪ ರೂಬಿಯ ಮಾತು ತೆಗೆದ. ರೂಬಿ ದಳದ ಆಲ್ಸೇಷಿಯನ್, ನಾಗರಾಜಪ್ಪನವರ ಕೈಯಲ್ಲೇ ಬೆಳೆದದ್ದು. ಕಳ್ಳನ ಜಾಡು ಹಿಡಿದು ಅದು ಹಾರಿದ್ದು ಗೋಡೆಯನ್ನೋ ಬಾವಿಕಟ್ಟೆಯನ್ನೋ ಎಂದು ಇಬ್ಬರೂ ಒಂದು ಲೋಟ ಮುಗಿಯುವ ತನಕ ಜಗಳಾಡಿದರು. ಎರಡನೆಯ ಲೋಟಕ್ಕೆ ಜೀಪಿನ ಪ್ರಯಾಣಗಳು ಬಂದವು. ಬೂಟಿನ ಮೇಲೆ ಗದ್ದವಿಟ್ಟು ಮಲಗುತ್ತಿತ್ತಂತೆ. ಕಾಲು ಜೋಮು ಹಿಡಿದರೂ ಇವರು ಅಲ್ಲಾಡಿಸುತ್ತಿರಲಿಲ್ಲವಂತೆ. ನಿವೃತ್ತಿಯ ದಿನ ಅದರ ಹಗ್ಗವನ್ನು ಹೊಸಬನ ಕೈಗೆ ಕೊಟ್ಟು ತಿರುಗಿ ನೋಡದೆ ಬಂದದ್ದನ್ನು ಹೇಳುವಾಗ ನಾಗರಾಜಪ್ಪನವರು ಖಾಲಿ ಲೋಟವನ್ನೇ ಮತ್ತೆ ತುಟಿಗಿಟ್ಟರು. ಕನ್ನಪ್ಪ ಮೂಗೊರೆಸಿಕೊಂಡ. ಇಬ್ಬರೂ ಹಾಗೇ ಭಾರವಾದ ಎದೆಯಲ್ಲಿ ಪಕ್ಕದ ಬಾಗಿಲಿಂದ ಹೊರಬಂದು ಗಾಡಿ ಹತ್ತಿದರು. ದಾರಿಯುದ್ದಕ್ಕೂ ರೂಬಿಯೇ. ಹಿಂದಿನ ಸೀಟಿನ ಮೌನವನ್ನು ಶಿಸ್ತು ಎಂದುಕೊಂಡರು.

ತೀರ್ಥಹಳ್ಳಿಯಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ ವಿನಯದಿಂದಲೇ ಕೇಳಿದಳು: "ನಾಯಿ ಎಲ್ಲಿ ಸಾರ್?"

ಅಷ್ಟರಲ್ಲಿ ಹೆಂಡತಿ ಯಮುನಮ್ಮನ ಫೋನು. ಕೊರಳಪಟ್ಟಿಯಲ್ಲಿದ್ದ ಮನೆಯ ನಂಬರಿಗೆ ಮೇಘನಾ ಕರೆ ಮಾಡಿದ್ದಳು. ನಾಯಿ ಕೂತಲ್ಲೇ ಇದೆ. ಹುಂಚದ ಬಸ್ಸು ಹಾರ್ನ್ ಹೊಡೆದು ಸೋತು ಮೂಲೆಗೆ ಹೋಗಿ ನಿಂತಿದೆ. ಬಿಸ್ಕತ್ತು ಮುಟ್ಟುವುದಿಲ್ಲ, ನೀರೂ ಮುಟ್ಟುವುದಿಲ್ಲ, ಬಿಸಿಲು ಏರುತ್ತಿದೆ. ನಾಗರಾಜಪ್ಪನವರು ಕ್ಯಾಂಟೀನಿಗೆ ಫೋನಾಯಿಸಿ, ಮೊಬೈಲನ್ನು ಬೆಳ್ಳಿಯ ಕಿವಿಗೆ ಹಿಡಿಸಿ, "ಏಳಮ್ಮಾ" ಎಂದು ಗೋಗರೆದರು. ಕೈ ಇಲ್ಲದ ಬರೀ ದನಿಯನ್ನು ನಂಬಬಾರದೆಂದು ಕಲಿಸಿದವರು ಇವರೇ. ಬೆಳ್ಳಿ ಮೊಬೈಲನ್ನು ಮೂಸಿ ಮತ್ತೆ ರಸ್ತೆ ನೋಡಿತಂತೆ.

ಬಹುಮಾನ ಹಸ್ಕಿಗಳ ಪಾಲಾಗಲಿ ಎಂದು ಓಮ್ನಿ ತಿರುಗಿತು. ಮರಳುವ ಒಂದು ಗಂಟೆ ಯಾರೂ ರೂಬಿಯ ಹೆಸರೆತ್ತಲಿಲ್ಲ. ನಾಯಿಯನ್ನು ರಸ್ತೆಯಲ್ಲಿ ಬಿಟ್ಟುಹೋಗುವವರಿಗೆ ತಾವು ಬಳಸುತ್ತಿದ್ದ ಬೈಗುಳಗಳು ಒಂದೊಂದಾಗಿ ನಾಗರಾಜಪ್ಪನವರಿಗೆ ನೆನಪಾದವು. ಅವು ನಿಜಕ್ಕೂ ಬಹಳ ಕೆಟ್ಟ ಬೈಗುಳಗಳಾಗಿದ್ದವು.

ಬೆಳ್ಳಿ ಕೂತಿತ್ತು. ಮೇಘನಾ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಸುತ್ತ ಹುಂಚಕ್ಕೆ ಹೋಗಬೇಕಾದವರು ಹೋಗದೆ ನೋಡುತ್ತಿದ್ದರು. ನಾಗರಾಜಪ್ಪನವರು ಓಡಿಬಂದು ಮಂಡಿಯೂರಿ, ಬಲಗೈಯನ್ನು ತಲೆಯ ಮೇಲಿಟ್ಟು, "ಆಯ್ತು, ರೂಬಿ" ಎಂದರು.

ನಾಯಿ ಕದಲಲಿಲ್ಲ. ಇನ್ನೊಮ್ಮೆ ಹೇಳಿದರೂ ಕದಲಲಿಲ್ಲ.

ಕನ್ನಪ್ಪ ಬಗ್ಗಿ ಮೆಲ್ಲಗೆ ಹೇಳಿದ: "ನಾಗ್ರಾಜಣ್ಣ, ಅದು ಸತ್ತು ಹನ್ನೊಂದು ವರ್ಷ ಆತು. ಇದು ಬೆಳ್ಳಿ."

"ಬೆಳ್ಳಿ, ಆಯ್ತು" ಎಂದಾಗ ಬೆಳ್ಳಿ ಎದ್ದು ಮೈ ಕೊಡವಿ, ಯಾರ ಮುಖವನ್ನೂ ನೋಡದೆ ಓಮ್ನಿಯ ಚಕ್ರದ ಬಳಿಗೆ ನಡೆದು, ಎರಡೂವರೆ ಗಂಟೆ ಕಾಲ ತಡೆದುಕೊಂಡಿದ್ದನ್ನು ಸಾವಕಾಶವಾಗಿ ಮುಗಿಸಿತು. ಆಮೇಲೆ ನಾಗರಾಜಪ್ಪನವರು ಮೇಘನಾಳ ಕೈಗೆ ನೀರಿನ ಬಟ್ಟಲು ಕೊಟ್ಟು, ದಳದ ಕಾಲದ ನಿಯಮವನ್ನು ತಾವೇ ಮುರಿದು, ಕುಡಿ ಎಂದು ಬೆಳ್ಳಿಗೆ ಸನ್ನೆ ಮಾಡಿದರು. ಬೆಳ್ಳಿ ಬಟ್ಟಲು ಖಾಲಿ ಮಾಡಿತು.

ಮತ್ತೆ ಯಮುನಮ್ಮನ ಫೋನು. ಇವರು ಗಂಟಲು ಸರಿಮಾಡಿಕೊಂಡು, ನಾಯಿ ಸಿಕ್ಕಿತು, ಗಾಬರಿ ಬೇಡ ಎಂದರು.

"ಅದೆಲ್ಲಿ ಕಳೆದಿತ್ತು ಮಾರಾಯ್ರೆ ಸಿಗೋಕೆ?" ಎಂದರು ಯಮುನಮ್ಮ. "ಕೂರಿಸಿದಲ್ಲೇ ಕೂತಿತ್ತು. ಫೋನು ಕನ್ನಪ್ಪನ ಕೈಗೆ ಕೊಡಿ, ನೀವು ಸಿಕ್ಕಿದ್ರಾ ಅಂತ ಕೇಳ್ಬೇಕು."